ಅರ್ಧ ಪಾಯಿಂಟ್ ಕಡಿಮೆ

ಸುದ್ದಿ ನಾಲ್ಕು ಸಾಲಿನದು. ಕೊಟ್ಟೂರಿನ ಹಳೆಯ ಕನ್ನಡಕದ ವ್ಯಾಪಾರಿಯೊಬ್ಬರು ತೀರಿಕೊಂಡರು, ಪತ್ನಿ ಮತ್ತು ಮಗಳು ಇದ್ದಾರೆ, ಮಧ್ಯಾಹ್ನದ ನಮಾಜಿನ ನಂತರ ದಫನ್ ಆಯಿತು. ನಾನೇ ಬರೆದು ಕಳಿಸಿದೆ. ಒಳಪುಟದಲ್ಲಿ, ಕೆಟ್ಟುಹೋದ ಕೊಳವೆಬಾವಿಯ ಸುದ್ದಿಯ ಕೆಳಗೆ ಬಂತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಕೊನೆಯ ವರ್ಷಗಳಲ್ಲಿ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ ಎಂಬುದನ್ನು ನಾನು ಸೇರಿಸಿರಲಿಲ್ಲ. ನಿಧನದ ಸುದ್ದಿಗೆ ಅದು ಬೇಕಿರಲಿಲ್ಲ, ಇಲ್ಲಿ ಬೇಕು.

ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅವರ ಪತ್ನಿ ಬೇಡವೆಂದರು. ಹೆಸರಿನಿಂದ ಕರೆದವರನ್ನು ನಾನು ಕಂಡೂ ಇಲ್ಲ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ‘ಚಷ್ಮಾ ಸಾಹೇಬ್ರು’ ಎಂದರೆ ಸಾಕಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಈ ಭಾಗದ ವರದಿಗಾರನಾಗಿ ಬಂದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ನನ್ನ ಪಾಲಿಗಿದ್ದವು. ಸುದ್ದಿಯ ಲಕೋಟೆಯನ್ನು ಸಂಜೆ ಬಳ್ಳಾರಿ ಬಸ್ಸಿಗೆ ಹಾಕಬೇಕು. ಒಂದು ಸಂಜೆ ಬೋರ್ಡು ಸರಿಯಾಗಿ ಓದಲಾಗದೆ ದಾವಣಗೆರೆ ಬಸ್ಸಿಗೆ ಹಾಕಿದೆ. ಸಂಪಾದಕರು ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯಲಾಗದು. ನನಗಾಗ ಇಪ್ಪತ್ತೆಂಟು. ಆ ವಯಸ್ಸಿಗೆ ಕನ್ನಡಕದ ನಂಬರು ನಿಲ್ಲಬೇಕು ಎಂದು ಎಲ್ಲರೂ ಹೇಳುತ್ತಿದ್ದರು. ನನ್ನದು ಏರುತ್ತಲೇ ಇತ್ತು. ಮರುದಿನ ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದ್ದ ಅವರ ಅಂಗಡಿಗೆ ಹೋದೆ.

ಅಂಗಡಿ ಎಷ್ಟು ಇಕ್ಕಟ್ಟೆಂದರೆ ಅಕ್ಷರದ ಚಾರ್ಟು ಹಾಕಲು ಬೇಕಾದಷ್ಟು ದೂರ ಒಳಗಿರಲಿಲ್ಲ. ಹಾಗಾಗಿ ಚಾರ್ಟು ಗಲ್ಲಿಯ ಆಚೆ, ಎದುರಿನ ಸೈಕಲ್ ಶಾಪಿನ ಗೋಡೆಗೆ ತೂಗುತ್ತಿತ್ತು. ಗಿರಾಕಿ ಇಲ್ಲಿ ಕುರ್ಚಿಯಲ್ಲಿ ಕೂತು ಗಲ್ಲಿ ದಾಟಿ ಓದಬೇಕು. ನಡುವೆ ಎತ್ತಿನ ಗಾಡಿಯೋ ಟೆಂಪೋನೋ ಬಂದರೆ ಪರೀಕ್ಷೆ ನಿಲ್ಲುತ್ತಿತ್ತು. “ತಡೀರಿ, ಗಾಡಿ ಹೋಗ್ಲಿ” ಎಂದು ಸಾಹೇಬರು ಲೆನ್ಸು ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸುತ್ತಿದ್ದರು. ಸೈಕಲ್ ಶಾಪಿನ ಯಜಮಾನರಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಗಿರಾಕಿ ತಡವರಿಸಿದರೆ ಅಲ್ಲಿಂದಲೇ ಕೂಗುತ್ತಿದ್ದರು.

“ಅದು ‘ಠ’ ಐತಲೇ! ಇಷ್ಟು ದೊಡ್ಡದು ಕಾಣವಲ್ದೇನು?”

“ಏ, ನೀನ ಹೇಳಿದ್ರ ನಾ ಯಾರ ಕಣ್ಣಿಗೆ ಚಷ್ಮಾ ಮಾಡ್ಲೋ? ಬಾಯಿ ಮುಚ್ಚಿಕೊಂಡು ಪಂಚರ್ ಹಚ್ಚು” ಎಂದು ಸಾಹೇಬರು ಇಲ್ಲಿಂದ ಕೂಗುತ್ತಿದ್ದರು.

“ನಿನ್ನ ಗಿರಾಕಿ ಗ್ವಾಡಿ ನೋಡ್ಕೋತ ಕುಂತಾನಲೇ, ಪಾಪ ಅಂತ ಹೇಳಿದೆ.”

ಆ ದಿನ ನನ್ನ ಮೂಗಿನ ಮೇಲೆ ದುಂಡನೆಯ ಭಾರದ ಕಬ್ಬಿಣದ ಫ್ರೇಮು ಕೂರಿಸಿ, ಪೆಟ್ಟಿಗೆಯಿಂದ ಒಂದೊಂದೇ ಲೆನ್ಸು ತೆಗೆದು ಹಾಕಿದರು. ಪ್ರತಿ ಸಲವೂ ಒಂದೇ ಪ್ರಶ್ನೆ. “ಇದು ಚಲೋನೋ, ಅದು ಚಲೋನೋ?” ಕೊನೆಗೆ ನಾನು “ಎರಡೂ ಒಂದ ಅದಾವ್ರಿ” ಎಂದೆ. “ನಿಂತ್ತು” ಎಂದರು. ಇನ್ನು ಮುಂದೆ ಲೆನ್ಸು ಬದಲಿಸಿ ಉಪಯೋಗವಿಲ್ಲ, ಕಣ್ಣು ಕೇಳುವ ನಂಬರು ಇದೇ ಎಂಬುದು ಆ ಮಾತಿನ ಅರ್ಥ. ಆಮೇಲೆ, ನನಗೆ ಹೇಳದೆ, ಆ ಲೆನ್ಸು ತೆಗೆದು ಅದಕ್ಕಿಂತ ಅರ್ಧ ಪಾಯಿಂಟ್ ಕಡಿಮೆಯದನ್ನು ಹಾಕಿದರು.

“ಸಾಹೇಬ್ರ, ಕೊನೀ ಸಾಲು ಮಸುಕಾತಲ್ರಿ.”

“ಮಸುಕ ಇರ್ಲಿ ಬಿಡ್ರಿ. ಪೂರಾ ಕೊಟ್ರ ಕಣ್ಣು ಸುಖಕ್ಕ ಬೀಳ್ತೈತಿ. ವರ್ಷ ತುಂಬೂದ್ರಾಗ ಇನ್ನಷ್ಟು ಕೊಡು ಅಂತೈತಿ. ಕಣ್ಣು ಅರ್ಧ ಪಾಯಿಂಟ್ ಹಸಿದಿರಬೇಕು. ಆಗ ಎಲ್ಲಿ ಅದಾವೋ ಅಲ್ಲೇ ನಿಲ್ತಾವ.”

ಅದೇ ಅವರ ಸಿದ್ಧಾಂತ. ದೊಡ್ಡವರಾದ ಮೇಲೂ ನಂಬರು ಏರುತ್ತಿರುವವರಿಗೆ ಅವರು ಪೂರ್ತಿ ನಂಬರು ಕೊಡುತ್ತಿರಲಿಲ್ಲ. ಜನ ಅದನ್ನು ‘ನಿಲ್ಲಿಸೋ ಚಷ್ಮಾ’ ಎನ್ನುತ್ತಿದ್ದರು. ಹಡಗಲಿಯಲ್ಲಿ ಮಲ್ಲಿಗೆ ಮೊಗ್ಗು ಕಟ್ಟಿ ಕಟ್ಟಿ ದೂರದ್ದು ಮಸುಕಾದ ಹೆಂಗಸರು, ಕೂಡ್ಲಿಗಿಯ ಕಚೇರಿ ಗುಮಾಸ್ತರು, ಹರಪನಹಳ್ಳಿಯ ಕಾಲೇಜಿನವರು ಅದಕ್ಕಾಗಿ ಬರುತ್ತಿದ್ದರು. ಬರಲಾಗದವರ ಊರಿಗೆ ಇವರೇ ಸಂತೆಯ ದಿನ ಲೆನ್ಸಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದರು. ಪೆಟ್ಟಿಗೆಯನ್ನು ಎಂದೂ ಕೆಳಗೆ ಇಟ್ಟವರಲ್ಲ. ಬಸ್ಸು ಕುಲುಕಿದರೆ ಮಗುವಿಗೆ ಕೈ ಅಡ್ಡ ಹಿಡಿದಂತೆ ಅದರ ಮುಚ್ಚಳದ ಮೇಲೆ ಅಂಗೈ ಇಡುತ್ತಿದ್ದರು.

ಎರಡು ವರ್ಷದ ಮೇಲೆ ನನ್ನ ನಂಬರು ನಿಂತಿತು. ಅಂದಿನಿಂದ ನಾನು ಅವರ ಸಾಕ್ಷಿಯಾದೆ. ಅಂಗಡಿಯ ಮುಂದೆ ಹಾದರೆ ಒಳಗಿದ್ದ ಗಿರಾಕಿಗೆ ನನ್ನನ್ನು ತೋರಿಸುತ್ತಿದ್ದರು. “ನೋಡ್ರಿ, ಪೇಪರ್‌ನೋರ್ದು ನಿಂತೈತಿ. ಹಗಲೆಲ್ಲಾ ಬರೆಯೋ ಮನಷ್ಯಾ!” ಅದನ್ನು ಪತ್ರಿಕೆಯಲ್ಲಿ ಬರೆಯಿರಿ ಎಂದು ಕೆಲವರು ನನಗೆ ಹೇಳಿದರು. ಒಬ್ಬನ ಕಣ್ಣು ಸುದ್ದಿಗೆ ಆಧಾರವಾಗದು. ನಾನು ಬರೆಯಲಿಲ್ಲ.

ಅವರ ಸ್ವಂತ ಕಣ್ಣಿನ ವಿಷಯ ನನಗೆ ಗೊತ್ತಾದದ್ದು ತಡವಾಗಿ. ಗಲ್ಲಿಯ ತುದಿಯಲ್ಲಿ ಯಾರೇ ಕಾಣಿಸಿಕೊಂಡರೂ ಮುಖ ತಿಳಿಯುವ ಮೊದಲೇ ಹೆಸರು ಹೇಳುವುದು ಅವರ ಒಂದು ಆಟ. “ಎಡಗಾಲು ಎಳೆದು ಇಡ್ತಾರ, ಉಜ್ಜಿನಿ ಮೇಷ್ಟ್ರು.” “ಚೀಲ ತಲಿ ಮ್ಯಾಗ, ಕೈ ಬಿಟ್ಟು ನಡಿತಾಳ, ಮಾಗಳದ ಅಕ್ಕ.” ತಪ್ಪುತ್ತಿದ್ದದ್ದು ಅಪರೂಪ. ನಾವೆಲ್ಲ ಮೆಚ್ಚುತ್ತಿದ್ದೆವು. ಒಂದು ದಿನ ಅದೇ ಮೇಷ್ಟ್ರು ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೋಲೂರಿ ಬಂದರು. ಅಂಗಡಿಯ ಮೆಟ್ಟಿಲು ಹತ್ತಿ ನಮಸ್ಕಾರ ಎನ್ನುವವರೆಗೂ ಸಾಹೇಬರಿಗೆ ಗುರುತು ಸಿಗಲಿಲ್ಲ. ಅವರಿಗೆ ಮುಖ ಎಂದೂ ಕಾಣುತ್ತಿರಲಿಲ್ಲ, ನಡಿಗೆ ಮಾತ್ರ ಕಾಣುತ್ತಿತ್ತು ಎಂಬುದು ಆಗ ನನಗೆ ಹೊಳೆಯಿತು.

ಕೇಳಿದೆ. ಮುಚ್ಚಿಡಲಿಲ್ಲ.

ಅವರ ತಂದೆ ಕೂಡ್ಲಿಗಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರಂತೆ. ಅವರದೂ ಇದೇ ಕಣ್ಣು. ಮೂವತ್ತಾದರೂ ನಲವತ್ತಾದರೂ ನಂಬರು ನಿಲ್ಲದೆ ಏರಿ, ಕೊನೆಗೆ ಏನೂ ಕಾಣದಾಯಿತು. ಮಸೀದಿಗೆ ಕೈಹಿಡಿದು ಕರೆದೊಯ್ಯುವ ಕೆಲಸ ಇವರ ಪಾಲಿಗೆ ಬಂತು.

“ದೂರದ್ದು ಕಾಣ್ದಂಗ ಶುರು ಆತು, ಕೈಯಾಗಿನ ಮುಳ್ಳು ಕಾಣ್ದಂಗ ಮುಗೀತು” ಎಂದರು. ಗಡಿಯಾರದ ಮುಳ್ಳು ಎಂದು ಬಿಡಿಸಿ ಹೇಳಲಿಲ್ಲ. “ಎಲ್ಲಾರದೂ ಇಪ್ಪತ್ತಕ್ಕೋ ಇಪ್ಪತ್ತೈದಕ್ಕೋ ನಿಲ್ತೈತಿ. ನಮ್ಮ ಮನ್ತನದ್ದು ನಿಲ್ಲಂಗಿಲ್ಲ. ಅದಕ್ಕ ನಾ ಈ ಕಸಬಿಗೆ ಬಂದೆ. ನಿಲ್ಲಿಸಬೇಕು ಅಂತ.”

ಗಿರಾಕಿಗಳಿಗೆ ಅರ್ಧ ಪಾಯಿಂಟ್ ಕಡಿಮೆ ಕೊಡುತ್ತಿದ್ದವರು ತಮಗೆ ಮೊದಲು ಒಂದು, ಆಮೇಲೆ ಎರಡು ಪಾಯಿಂಟ್ ಕಡಿಮೆ ಹಾಕಿಕೊಂಡಿದ್ದರು. ಕಣ್ಣಿನ ನಂಬರು ಏರಿದಷ್ಟೂ ಇವರು ಅದರ ಹಸಿವು ಹೆಚ್ಚಿಸುತ್ತ ಬಂದಿದ್ದರು. ಮೇಜಿನ ಡ್ರಾಯರಿನಲ್ಲಿ ಇನ್ನೊಂದು ಕನ್ನಡಕ ಇತ್ತು. ಅದು ಅವರ ಪೂರಾ ನಂಬರಿನದು. ನಂಬರು ಬದಲಾದಾಗಲೆಲ್ಲ ಅದರ ಗಾಜನ್ನೂ ತಾವೇ ಸಾಣೆ ಹಿಡಿದು ಬದಲಿಸುತ್ತಿದ್ದರು. ಹಾಕಿಕೊಳ್ಳುತ್ತಿರಲಿಲ್ಲ.

“ಮತ್ಯಾಕ ಮಾಡಿ ಇಟ್ಟೀರಿ?”

“ನಂಬರ್ ನಿಂತ ದಿನ ಹಾಕ್ಕೊಳ್ಳಾಕ. ಇದು ಕಣ್ಣಿನ ರೋಜಾ, ಉಪಾಸ ಇದ್ದಂಗ ಸಾರ್. ಸಂಜೀಗೆ ಬಿಡೋದೈತಿ ಅಂತ ಗೊತ್ತಿದ್ರ ಹಗಲು ಕಳೀಬೌದು.”

ಅದನ್ನು ನಗುತ್ತಲೇ ಹೇಳಿದರು. ಬಾಗಳಿಯ ಗುಡಿಯ ಕಂಬಗಳ ಕೆತ್ತನೆ, ತುಂಬಿದ ಹೊಳೆಯ ಆಚೆ ದಡ, ಮಗಳು ಓದುವ ಶಾಲೆಯ ವೇದಿಕೆ, ಎಲ್ಲವನ್ನೂ ಅವರು ಆ ಸಂಜೆಗೆ ಎತ್ತಿಟ್ಟಿದ್ದರು. ಯಾರಾದರೂ ಏನಾದರೂ ಚೆಂದವಿದೆ ನೋಡಿ ಎಂದರೆ “ನೋಡೋಣಂತ, ನಿಲ್ಲಲಿ” ಎನ್ನುತ್ತಿದ್ದರು.

ಕೆಲವು ವರ್ಷಗಳ ಮೇಲೆ ಮಗಳ ಮದುವೆ ಹರಪನಹಳ್ಳಿಯಲ್ಲಿ ಆಯಿತು. ನಾನು ಹೋಗಿದ್ದೆ. ಹೆಣ್ಣು ಒಪ್ಪಿಸುವ ಹೊತ್ತಿಗೆ ಅಂಗಳದ ಆ ತುದಿಯಲ್ಲಿ ಹೆಂಗಸರ ಗುಂಪು, ಈ ತುದಿಯಲ್ಲಿ ನಾವು. ಅವರ ಪತ್ನಿ ವ್ಯಾನಿಟಿ ಬ್ಯಾಗಿನಿಂದ ಡ್ರಾಯರಿನ ಆ ಕನ್ನಡಕ ತೆಗೆದು ಗಂಡನ ಮುಂದೆ ಹಿಡಿದರು. ಅಂಗಡಿಯಿಂದ ಅದನ್ನು ಅವರೇ ತಂದಿದ್ದರು. ಹೊರಗಿನವರ ಎದುರು ಅವರಿಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದರು.

“ಇವತ್ತೊಂದಿನ ಹಾಕ್ಕೊಳ್ರಿ. ಮಗಳು ಹೊಂಟಾಳ.”

“ಇಷ್ಟು ವರ್ಷ ತಡದೀನಿ. ನಡುವ ಮುರಿಯಾಕ ಆಗಂಗಿಲ್ಲ.”

ಮದುಮಗಳು ಕಾರು ಹತ್ತುವ ಮುಂಚೆ ತಿರುಗಿ ತಂದೆಯ ಕಡೆ ಕೈ ಎತ್ತಿದಳು. ಸಾಹೇಬರೂ ಕೈ ಎತ್ತಿದರು. ಆದರೆ ಅವರ ಮುಖ, ಅದೇ ಕೆಂಪು ಬಣ್ಣದ ದುಪಟ್ಟಾ ಹೊದ್ದು ಪಕ್ಕದಲ್ಲಿ ನಿಂತಿದ್ದ ಬೇರೆ ಹುಡುಗಿಯ ಕಡೆಗಿತ್ತು. ಪತ್ನಿ ಗಂಡನ ಗದ್ದ ಹಿಡಿದು ಮೆಲ್ಲಗೆ ತಿರುಗಿಸಿದರು. ಅಷ್ಟರಲ್ಲಿ ಕಾರಿನ ಬಾಗಿಲು ಹಾಕಿತ್ತು.

ಇದಾದ ಮರುವರ್ಷ ಹಗರಿಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ನಡೆಯಿತು. ನಾನು ವರದಿಗೆ ಹೋಗಿದ್ದೆ, ಸಾಹೇಬರು ತಮ್ಮ ಪೆಟ್ಟಿಗೆಯೊಂದಿಗೆ ನಂಬರು ತೆಗೆಯುವ ಕೆಲಸಕ್ಕೆ ಬಂದಿದ್ದರು. ಊಟದ ಹೊತ್ತಿಗೆ ಜನ ಕಡಿಮೆಯಾದಾಗ, ಹೊರಗಿನಿಂದ ಬಂದಿದ್ದ ಡಾಕ್ಟರು ಇವರ ದಪ್ಪ ಗಾಜು ನೋಡಿ, ಕೂರಿಸಿ, ಹನಿ ಹಾಕಿ, ದೀಪ ಹಿಡಿದು ಕಣ್ಣಿನ ಒಳಗೆ ನೋಡಿದರು. ತುಂಬ ಹೊತ್ತು ನೋಡಿದರು. ಸಾಹೇಬರು ಹೆಮ್ಮೆಯಿಂದಲೇ ತಮ್ಮ ಪದ್ಧತಿ ವಿವರಿಸಿದರು. ಡಾಕ್ಟರು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದರು.

“ಸಾಹೇಬ್ರೆ, ನಂಬರ್ ಕಡಿಮೆ ಕೊಟ್ರೆ ಕಣ್ಣು ನಿಲ್ಲೋದಿಲ್ಲ. ನಿಮ್ಮ ಕಣ್ಣಿನ ಗುಡ್ಡೆನೇ ಹಿಂದಕ್ಕೆ ಉದ್ದ ಆಗ್ತಾ ಇದೆ. ಹಿಂದಿನ ಪರದೆ ಎಳೆದು ತೆಳ್ಳಗಾಗಿದೆ. ಕಣ್ಣಿನ ಮುಂದೆ ಯಾವ ಗಾಜು ಇಟ್ರೂ ಅದಕ್ಕೆ ಗೊತ್ತಾಗಲ್ಲ.”

“ಇವರ್ದು ನಿಂತೈತಲ್ರಿ?” ಸಾಹೇಬರು ನನ್ನ ಕಡೆ ಕೈ ತೋರಿಸಿದರು.

“ಇವರದು ಹಾಗೂ ನಿಲ್ತಿತ್ತು. ಬಹಳ ಜನರದು ಆ ವಯಸ್ಸಿಗೆ ತಾನೇ ನಿಲ್ಲುತ್ತೆ.”

ಸಾಹೇಬರು ಕೇಳಿದರು. “ಹಂಗಾರ ದೊಡ್ಡೋರಿಗೆ ನಿಲ್ಲಿಸೋ ಗ್ಲಾಸು ಯಾವ್ದ್ರಿ?”

“ನನಗೆ ಗೊತ್ತಿರೋ ಹಾಗೆ ಇಲ್ಲ. ಪೂರಾ ನಂಬರ್ ಹಾಕ್ಕೊಳ್ಳಿ, ಇರೋದನ್ನ ಚೆನ್ನಾಗಿ ನೋಡಿ. ವರ್ಷಕ್ಕೊಮ್ಮೆ ಪರದೆ ತೋರಿಸಿ. ಮಿಂಚು ಹೊಡೆದ ಹಾಗೆ ಕಂಡ್ರೆ, ಪಕ್ಕದಲ್ಲಿ ಕಪ್ಪು ಅಡ್ಡ ಬಂದ್ರೆ, ಅವತ್ತೇ ಓಡಿ ಬನ್ನಿ.”

ಕೊಟ್ಟೂರಿಗೆ ಮರಳುವ ಬಸ್ಸಿನಲ್ಲಿ ನಾನು ಪಕ್ಕದಲ್ಲೇ ಇದ್ದೆ. ಹನಿ ಹಾಕಿದ್ದರಿಂದ ಅವರ ಕಣ್ಣುಗಳು ಬಿಸಿಲಿಗೆ ನೀರಾಡುತ್ತಿದ್ದವು. ಪೆಟ್ಟಿಗೆ ತೊಡೆಯ ಮೇಲಿತ್ತು, ಅಂಗೈ ಮುಚ್ಚಳದ ಮೇಲಿರಲಿಲ್ಲ. ಬಸ್ಸು ಕುಲುಕಿದಾಗ ಒಳಗಿನ ಗಾಜುಗಳು ಒಂದಕ್ಕೊಂದು ತಾಗುವ ಸದ್ದು ಬಂತು. ಅವರು ಒಂದೇ ಮಾತು ಆಡಿದರು.

“ಹಂಗಾರ ಇಷ್ಟು ದಿನ ಉಳಿಸಿದ್ದು ಎಲ್ಲಿ ಹೋತ್ರಿ?”



ಅಲ್ಲಿಂದ ಮುಂದೆ ಅವರು ಗಿರಾಕಿಗಳಿಗೆ ಪೂರಾ ನಂಬರು ಕೊಡತೊಡಗಿದರು. ಊರು ಒಪ್ಪಲಿಲ್ಲ. ಹರಪನಹಳ್ಳಿಯ ಉಪನ್ಯಾಸಕರೊಬ್ಬರು ಹೊಸ ಕನ್ನಡಕ ತೊಟ್ಟ ಮೂರನೇ ದಿನಕ್ಕೇ ಅಂಗಡಿಗೆ ಬಂದು ಅದನ್ನು ಮೇಜಿನ ಮೇಲೆ ಇಟ್ಟರು.

“ಏನ್ ಸಾಹೇಬ್ರೇ ಇದು? ವರ್ಷಗಟ್ಲೆ ಹಿಡಿದು ನಿಲ್ಲಿಸಿದ್ದ ನಂಬರ್ ಒಂದೇ ಸಲಕ್ಕೆ ಏರಿಸಿಬಿಟ್ರಲ್ಲ!”

“ಏರಿಸಿಲ್ರಿ ಸಾರ್. ಇರೋದ ಅಷ್ಟು. ಬೋರ್ಡ್ ಮ್ಯಾಗಿಂದು ಈಗ ಚಲೋ ಕಾಣಂಗಿಲ್ಲೇನು?”

“ಕಾಣ್ತದೆ. ಅದೇ ಹೆದರಿಕೆ. ಇಷ್ಟು ಸ್ಪಷ್ಟ ಕಂಡ್ರೆ ಕಣ್ಣು ಸೋಮಾರಿ ಆಗಲ್ವಾ? ನೀವೇ ಹೇಳಿದ್ದಲ್ವಾ?”

“ನಾ ಹೇಳಿದ್ದು ತಪ್ಪಿತ್ರಿ.”

“ವಯಸ್ಸಾತು ನಿಮಗೆ” ಎಂದು ಉಪನ್ಯಾಸಕರು ಹಳೆಯ ಗಾಜನ್ನೇ ಹಾಕಿಸಿಕೊಂಡು ಹೋದರು. ಹಾಗೆ ಬಂದವರು ಅವರೊಬ್ಬರೇ ಅಲ್ಲ. ಹಡಗಲಿಯ ಹೂ ಕಟ್ಟುವ ಅಕ್ಕಂದಿರು ಜಗಳವಾಡಲಿಲ್ಲ, ಸುಮ್ಮನೆ ಬರುವುದನ್ನು ಬಿಟ್ಟರು. ಬೇರೆ ಊರಿನಿಂದ ಬಂದವರೊಬ್ಬರು ಅಲ್ಲಿಯೇ ನಿಲ್ಲಿಸೋ ಚಷ್ಮಾ ಕೊಡಲು ಶುರುಮಾಡಿದ್ದರು. ಸಾಹೇಬರು ಕಲಿಸಿದ್ದನ್ನು ಸಾಹೇಬರಿಂದಲೇ ಅಳಿಸಲಾಗಲಿಲ್ಲ.

ತಮ್ಮ ಮಟ್ಟಿಗೆ ಅವರು ಮೊದಲಿನ ಎರಡು ಪಾಯಿಂಟ್ ಕಡಿಮೆಯ ಕನ್ನಡಕದಲ್ಲೇ ಉಳಿದರು. ಡಾಕ್ಟರ ಮಾತು ಅವರಿಗೆ ಅರ್ಥವಾಗಿರಲಿಲ್ಲವೆಂದಲ್ಲ. ಬೇರೆಯವರಿಗೆ ಅದನ್ನು ನನಗಿಂತ ಚೆನ್ನಾಗಿ ವಿವರಿಸುತ್ತಿದ್ದರು. ಡ್ರಾಯರಿನಲ್ಲಿದ್ದುದನ್ನು ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಒಮ್ಮೆ ಕೇಳಿದೆ.

“ಹಾಕ್ಕೊಂಡ್ರ ಎಲ್ಲಾ ಚಲೋ ಕಾಣ್ತೈತಿ ಸಾರ್. ಆಗ ಇಷ್ಟು ವರ್ಷ ಏನೇನು ಕಾಣ್ಲಿಲ್ಲ ಅನ್ನೋದೂ ಗೊತ್ತಾಕ್ಕೈತಿ.”

ಪರದೆಯನ್ನು ತೋರಿಸಲು ಅವರು ಹೋಗಲಿಲ್ಲ. ಹೋಗೋಣ ಎಂದರೆ ಹಬ್ಬ ಮುಗಿಯಲಿ, ಬಿಸಿಲು ಇಳಿಯಲಿ ಎನ್ನುತ್ತಿದ್ದರು. ಕೇಳಲು ಹೆದರಿದ ಮನುಷ್ಯನ ನೆಪಗಳು ಅವು ಎಂದು ಪತ್ನಿಗೂ ನನಗೂ ಗೊತ್ತಿತ್ತು.

ಡಾಕ್ಟರು ಹೇಳಿದ್ದು ಎಡಗಣ್ಣಿಗೆ ಬಂದದ್ದು ಎರಡು ಸಾವಿರದ ನಂತರದ ಒಂದು ಬೇಸಿಗೆಯಲ್ಲಿ. ಕೆಳಗಿನ ಮೂಲೆಯಲ್ಲಿ ಒಂದು ಕಪ್ಪು ನೆರಳು ಅಡ್ಡ ಬಂತು. ಬೇರೆ ಯಾರಿಗಾದರೂ ಹಾಗಾದರೆ ಕಣ್ಣನ್ನು ಉಜ್ಜಿಕೊಳ್ಳುತ್ತಾರೆ. ಇವರು ಕನ್ನಡಕ ತೆಗೆದು ಒರೆಸಿದರು. ಜೀವಮಾನವಿಡೀ ಕಾಣದ್ದಕ್ಕೆಲ್ಲ ಗಾಜನ್ನೇ ಕಾರಣ ಮಾಡಿ ಬದುಕಿದವರು. ಗಾಜಿನ ಅಂಚು ಮಸುಕಾಗಿದೆ ಎಂದುಕೊಂಡು ಹೊಸ ಗಾಜು ತರಿಸಿದರು. ಅದು ಬರುವವರೆಗೆ ಕಾದರು. ಬಂದ ಮೇಲೆ ಸಾಣೆಕಲ್ಲಿನ ಮುಂದೆ ಕೂತು ಫ್ರೇಮಿಗೆ ಹೊಂದುವಂತೆ ಉಜ್ಜಿದರು. ನಾನು ಹೋದಾಗ ಸಾಣೆಯ ನೀರು ಅವರ ಮೊಣಕೈವರೆಗೆ ಹರಿದಿತ್ತು. ಗಾಜನ್ನು ಕಣ್ಣಿನ ಹತ್ತಿರ ಹಿಡಿದು ಅಂಚು ನೋಡುತ್ತಿದ್ದರು.

“ಇದ್ರಾಗೂ ಕಲೆ ಐತಿ ನೋಡ್ರಿ” ಎಂದು ನನ್ನ ಕೈಗೆ ಕೊಟ್ಟರು.

ನೋಡಿದೆ. ಗಾಜು ನಿರ್ಮಲವಾಗಿತ್ತು. ಹಾಗೆಂದೆ.

ಅವರು ಗಾಜನ್ನು ಮರಳಿ ತೆಗೆದುಕೊಂಡರು. ಬಲಗಣ್ಣು ಮುಚ್ಚಿಕೊಂಡು, ಗಾಜಿಲ್ಲದೆ, ಎದುರಿನ ಚಾರ್ಟಿನ ಕಡೆ ತಿರುಗಿದರು. ಅಂಗಡಿಯ ಹಿಂದಿನ ಮನೆಯಿಂದ ಪತ್ನಿ ಏನೋ ಕೇಳುತ್ತಿದ್ದರು. ಎದ್ದು ಅಂಗಡಿಯ ಬಾಗಿಲ ಹಲಗೆಗಳನ್ನು ಒಂದೊಂದಾಗಿ ಹಾಕತೊಡಗಿದರು. ಆ ಮಧ್ಯಾಹ್ನವೇ ದಾವಣಗೆರೆಗೆ ಹೋದೆವು. ಅಲ್ಲಿಯ ಡಾಕ್ಟರು ಪರದೆ ಪೂರ್ತಿ ಕಳಚಿದೆ, ಮೊದಲ ದಿನವೇ ಬಂದಿದ್ದರೆ ಬೇರೆ ಮಾತು ಎಂದರು. ಆಪರೇಷನ್ ಆಯಿತು. ಕಣ್ಣು ಬರಲಿಲ್ಲ.

ಬಲಗಣ್ಣು ಒಮ್ಮೆಗೇ ಹೋಗಲಿಲ್ಲ. ಮುಂದಿನ ವರ್ಷಗಳಲ್ಲಿ ಅದರ ನಡುಭಾಗ ಸವೆಯುತ್ತ ಬಂತು. ನೇರ ನೋಡಿದ್ದು ಮಾಯವಾಗುತ್ತಿತ್ತು, ಸುತ್ತಲಿನದು ಮಾತ್ರ ಸ್ವಲ್ಪ ಉಳಿಯುತ್ತಿತ್ತು. ಗಾಜು ಉಜ್ಜುವ ಕೆಲಸ ಮೊದಲು ನಿಂತಿತು, ಸಂತೆ ಆಮೇಲೆ. ಗಲ್ಲಿಯ ತುದಿಯವರ ನಡಿಗೆ ಗುರುತಿಸುವ ಆಟವನ್ನು ಅವರು ಯಾವಾಗ ಬಿಟ್ಟರೆಂದು ನನಗೆ ನೆನಪಿಲ್ಲ.

ಒಂದು ಮಧ್ಯಾಹ್ನ ಹೋದಾಗ ಅಂಗಡಿ ತೆರೆದಿತ್ತು. ಗಿರಾಕಿಯ ಕುರ್ಚಿಯಲ್ಲಿ ಸಾಹೇಬರು ಕೂತಿದ್ದರು, ಮೂಗಿನ ಮೇಲೆ ಆ ದುಂಡನೆಯ ಕಬ್ಬಿಣದ ಫ್ರೇಮು. ಡ್ರಾಯರಿನ ಕನ್ನಡಕ ಮೇಜಿನ ಮೇಲೆ ತೆರೆದು ಬಿದ್ದಿತ್ತು. ಅದನ್ನು ಹಾಕಿಕೊಂಡು ನೋಡಿ ತೆಗೆದಿದ್ದರು ಎಂದು ಪತ್ನಿ ಕಣ್ಸನ್ನೆಯಲ್ಲಿ ತಿಳಿಸಿದರು. ಆ ಗಾಜು ಹಳತಾಯಿತು, ನಂಬರು ಇನ್ನೂ ಏರಿರಬೇಕು, ಹೊಸದಾಗಿ ತೆಗೆಯೋಣ ಎಂಬುದು ಸಾಹೇಬರ ಆಸೆ. ಪೆಟ್ಟಿಗೆಯ ಮುಂದೆ ಪತ್ನಿ ನಿಂತಿದ್ದರು. ವರ್ಷಾನುಗಟ್ಟಲೆ ಆ ಲೆನ್ಸುಗಳನ್ನು ಒರೆಸಿ ಇಟ್ಟವರು ಅವರೇ. ಯಾವುದು ಯಾವ ಗೂಡಿನಲ್ಲಿದೆ ಎಂದು ನೋಡದೆ ಗೊತ್ತಿತ್ತು.

ಒಂದು ಲೆನ್ಸು ಹಾಕಿದರು, ತೆಗೆದರು, ಮುಂದಿನದು ಹಾಕಿದರು.

“ಇದು ಚಲೋನೋ, ಅದು ಚಲೋನೋ?”

“ಎರಡೂ ಒಂದ.”

ಇನ್ನೊಂದು ಹಾಕಿದರು. “ಈಗ?”

“ಒಂದ.”

ಗಲ್ಲಿಯ ಆಚೆ ಸೈಕಲ್ ಶಾಪಿನ ಯಜಮಾನರು ಕೈಯಲ್ಲಿದ್ದ ಟ್ಯೂಬು ಕೆಳಗಿಟ್ಟು ಚಾರ್ಟಿನ ಬಳಿ ಬಂದು ನಿಂತಿದ್ದರು. ಅವರು ಅಕ್ಷರ ಕೂಗಲಿಲ್ಲ. ಪೆಟ್ಟಿಗೆಯ ಆ ಸಾಲಿನಲ್ಲಿದ್ದ ಕೊನೆಯ ಲೆನ್ಸಿನವರೆಗೂ ಪತ್ನಿ ಹಾಕಿದರು. ಪ್ರತಿ ಸಲವೂ ಕೇಳಿದರು. ಪ್ರತಿ ಸಲವೂ ಅದೇ ಉತ್ತರ ಬಂತು.

“ನಿಂತ್ತು” ಎಂದರು ಸಾಹೇಬರು.

ಪತ್ನಿಯ ಕೈ ರೂಢಿಯಿಂದ ಫ್ರೇಮಿನ ಕಡೆ ಹೋಯಿತು. “ಅರ್ಧ ಪಾಯಿಂಟ್ ತಗೀಲೇನ್ರಿ?”

“ಬ್ಯಾಡ. ಪೂರಾನ ಇರ್ಲಿ.”

ಫ್ರೇಮು ಹಾಗೇ ಇಟ್ಟುಕೊಂಡು ಅವರು ಗಲ್ಲಿಯ ಕಡೆ ಮುಖಮಾಡಿ ಕೂತರು. ಚಾರ್ಟಿಗೆ ತಾವು ಅಡ್ಡವಾಗಿರಬಹುದು ಎಂದುಕೊಂಡು ಸೈಕಲ್ ಶಾಪಿನ ಯಜಮಾನರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.